ಮೊಣಕಾಲೊಳಗಿನ ಹಿಲಾಲ್

ಮಾನ್ವಿಯಲ್ಲಿ ನನ್ನ ಫೂಫಿಯ ಮನೆ ಹತ್ತಿರದ ಮಸೀದಿಯಲ್ಲಿ ಸಾಲಿನ ತುದಿಗೆ ಐದಾರು ಪ್ಲಾಸ್ಟಿಕ್ ಕುರ್ಚಿಗಳಿವೆ. ಮೊಣಕಾಲು ಬಗ್ಗದ ಹಿರಿಯರು ಅವುಗಳ ಮೇಲೆ ಕುಳಿತು ನಮಾಜ್ ಮಾಡುತ್ತಾರೆ. ಕಳೆದ ರಂಜಾನ್‌ನಲ್ಲಿ ಅವರ ನಡುವೆ ಒಂದು ಕುರ್ಚಿಯಲ್ಲಿ ಫೂಫಿಯ ಮಗನೂ ಕುಳಿತಿದ್ದ. ಅವನಿಗೆ 26 ವರ್ಷ. ತರಾವೀಹ್ ಮುಗಿಸಿ ಹೊರಗೆ ಬರುವಾಗ ಒಬ್ಬ ಅಜ್ಜ ಅವನ ಬೆನ್ನು ತಟ್ಟಿ, "ಬೇಟಾ, ನಿನ್ನ ವಯಸ್ಸಿನಲ್ಲಿ ನಾನು ದೇವದುರ್ಗದಿಂದ ಇಲ್ಲಿವರೆಗೆ ನಡೆದು ಬಂದಿದ್ದೆ" ಎಂದರು. ತಮಾಷೆಗೇ ಹೇಳಿದ್ದು. ಆದರೆ ಮರುದಿನದಿಂದ ಭಾಯಿ ತರಾವೀಹ್‌ಗೆ ಮಸೀದಿಗೆ ಬರಲಿಲ್ಲ.

ಅವನ ಎಡ ಮೊಣಕಾಲಿನಲ್ಲಿ ಒಂದು ವಸ್ತು ಇಲ್ಲ. ಅದರ ಹೆಸರು ಮೆನಿಸ್ಕಸ್. ಒಂಬತ್ತು ವರ್ಷದ ಹಿಂದೆ ಒಂದು ಆಪರೇಷನ್‌ನಲ್ಲಿ ಅದನ್ನು ತೆಗೆದಿದ್ದಾರೆ. ಈಗ ಇನ್ನೊಬ್ಬ ವೈದ್ಯರು, "ಬೇರೆಯವರ ಮೆನಿಸ್ಕಸ್ ತಂದು ಕೂರಿಸುವ ಸಾಧ್ಯತೆ ಇದೆ, ಯೋಚನೆ ಮಾಡಿ" ಎಂದಿದ್ದಾರೆ. ಮನೆಯಲ್ಲಿ ಇಂಗ್ಲಿಷ್ ರಿಪೋರ್ಟ್ ಓದುವವನು ನಾನೊಬ್ಬನೇ ಆದ್ದರಿಂದ ಫೈಲ್ ನನ್ನ ಕೈಗೆ ಬಂತು. ನಾನು ಕಾಮರ್ಸ್ ವಿದ್ಯಾರ್ಥಿ. ಮೂಳೆಗಳ ಬಗ್ಗೆ ಹತ್ತನೇ ತರಗತಿಯಲ್ಲಿ ಓದಿದ್ದು ಎಷ್ಟೋ ಅಷ್ಟೇ. ಮೂರು ತಿಂಗಳು ಓದಿ, ನಮ್ಮ ಜೀವಶಾಸ್ತ್ರದ ಸರ್ ಅವರನ್ನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲಿಸಿ ನಿಲ್ಲಿಸಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸೈನ್ಸ್ ಸೆಕ್ಷನ್‌ನವರು ನಗಬಾರದು.

ಮೊದಲು ಮೊಣಕಾಲು ಹೇಗಿದೆ ನೋಡೋಣ. ತೊಡೆಯ ಮೂಳೆಯ ಕೆಳತುದಿ ಗುಂಡಗಿದೆ. ಅದು ಕುಳಿತಿರುವ ಕಾಲಿನ ಮೂಳೆಯ ಮೇಲ್ಭಾಗ ಹೆಚ್ಚುಕಡಿಮೆ ಚಪ್ಪಟೆ. ಗುಂಡು ತಳದ ಕೊಡವನ್ನು ಕಲ್ಲುಹಾಸಿನ ಮೇಲೆ ಇಟ್ಟರೆ ಏನಾಗುತ್ತದೆ? ಒಂದೇ ಬಿಂದುವಿನ ಮೇಲೆ ಭಾರ ಬೀಳುತ್ತದೆ, ಕೊಡ ವಾಲುತ್ತದೆ. ಅದಕ್ಕೇ ನಮ್ಮ ಕಡೆ ಹೆಣ್ಣುಮಕ್ಕಳು ಕೊಡದ ಕೆಳಗೆ ಸಿಂಬಿ ಇಡುತ್ತಾರೆ. ಸಿಂಬಿ ಕೊಡದ ಸುತ್ತ ತುಂಬಿಕೊಂಡು ಭಾರವನ್ನು ಹಂಚುತ್ತದೆ, ಕೊಡ ಉರುಳದಂತೆ ಹಿಡಿಯುತ್ತದೆ. ಮೊಣಕಾಲಿನಲ್ಲಿ ಈ ಸಿಂಬಿಯ ಕೆಲಸವನ್ನೇ ಮೆನಿಸ್ಕಸ್ ಮಾಡುತ್ತದೆ. ಪ್ರತಿ ಮೊಣಕಾಲಿನಲ್ಲಿ ಎರಡು, ಒಳಬದಿಗೆ ಒಂದು, ಹೊರಬದಿಗೆ ಒಂದು. ಅಂದರೆ ಒಬ್ಬ ಮನುಷ್ಯನಿಗೆ ಒಟ್ಟು ನಾಲ್ಕು.

ಸಿಂಬಿ ಪೂರ್ತಿ ವೃತ್ತ, ಮೆನಿಸ್ಕಸ್ ಹಾಗಲ್ಲ. ಅದು ಒಂದು ಕಡೆ ಬಾಯಿ ತೆರೆದ ಅರ್ಧಚಂದ್ರ. ಎರಡು ಕೊನೆಗಳೂ ಕೆಳಗಿನ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಹೊರ ಅಂಚು ದಪ್ಪ, ಒಳ ಅಂಚು ಕತ್ತಿಯ ಬಾಯಿಯಷ್ಟು ತೆಳು. ಮೆನಿಸ್ಕಸ್ ಎಂಬ ಗ್ರೀಕ್ ಪದದ ಅರ್ಥವೇ ಚಿಕ್ಕ ಚಂದ್ರ. ಅರಬಿಯಲ್ಲಿ ವೈದ್ಯರು ಇದನ್ನು "ಗುದ್ರೂಫ್ ಹಿಲಾಲಿ" ಅನ್ನುತ್ತಾರೆ, ಹಿಲಾಲ್‌ನಂಥ ಮೃದ್ವಸ್ಥಿ ಎಂದು. ಈ ಹೆಸರು ಸಿಕ್ಕ ದಿನ ನಾನು ಅಮ್ಮಿಗೆ ಹೇಳಿದೆ. ಅಲ್ಲಿಯವರೆಗೆ "ಘುಟ್ನೆಕಾ ಬೀಮಾರಿ" ಎನ್ನುತ್ತಿದ್ದವರು ಈಗ "ಹಿಲಾಲ್ ಟೂಟ್ ಗಯಾ" ಎನ್ನುತ್ತಾರೆ. ರೋಗಕ್ಕೆ ಒಂದು ಹೆಸರು ಸಿಕ್ಕರೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ ಎಂದು ಅನ್ನಿಸಿತು.

ಚಿತ್ರ ನೋಡಿ ನನಗೆ ಪೂರ್ತಿ ತಿಳಿದಿರಲಿಲ್ಲ. ತಿಳಿದದ್ದು ಬಕ್ರೀದ್ ದಿನ. ರಾನ್ ಕತ್ತರಿಸುವಾಗ ಕಸಾಯಿ ಚಾಚಾಗೆ, "ಆ ಕೀಲನ್ನು ಒಡೆಯದೆ ಬಿಚ್ಚಿ ಕೊಡಿ" ಎಂದು ಕೇಳಿದೆ. ಅವರು ವಿಚಿತ್ರವಾಗಿ ನೋಡಿದರೂ ಸಣ್ಣ ಚೂರಿಯಿಂದ ನಾಲ್ಕು ಕಡೆ ನರಗಳನ್ನು ಬಿಡಿಸಿ ತೆರೆದು ತೋರಿಸಿದರು. ಆಡಿನ ಕಾಲಿನಲ್ಲೂ ಎರಡು ಅರ್ಧಚಂದ್ರಗಳು ಬೆಳ್ಳಗೆ ಹೊಳೆಯುತ್ತಿದ್ದವು. ಬೆರಳಿನಿಂದ ಒತ್ತಿದರೆ ಒದ್ದೆ ರಬ್ಬರಿನ ಹಾಗೆ ಒಳಹೋಗಿ ಮತ್ತೆ ಮೇಲೆ ಬರುತ್ತವೆ. ಎಳೆದರೆ ಮಾತ್ರ ಜಪ್ಪಯ್ಯ ಎಂದರೂ ಹರಿಯುವುದಿಲ್ಲ. ಕಾರಣ ಅದರ ನೇಯ್ಗೆ. ಮೆನಿಸ್ಕಸ್‌ನಲ್ಲಿ ಹೆಚ್ಚು ಭಾಗ ನೀರು, ಉಳಿದದ್ದು ಬಹುಪಾಲು ಕೊಲಾಜೆನ್ ಎಂಬ ನಾರು. ಈ ನಾರುಗಳು ಅರ್ಧಚಂದ್ರದ ಉದ್ದಕ್ಕೂ ಹಗ್ಗದಂತೆ ಹೊಸೆದುಕೊಂಡಿವೆ. ಮೇಲಿನಿಂದ ಭಾರ ಬಿದ್ದಾಗ ಅದು ಹೊರಕ್ಕೆ ಸರಿಯಲು ನೋಡುತ್ತದೆ, ಎರಡು ಕೊನೆಗಳ ಗಂಟು ಮತ್ತು ಹಗ್ಗದ ಬಿಗಿ ಅದನ್ನು ತಡೆಯುತ್ತವೆ. ಆ ಬಿಗಿಯೇ ಭಾರ ಹೊರುವುದು. ಹೀಗಾಗಿ ಸಿಂಬಿ ಒಂದೇ ಕಡೆ ತುಂಡಾದರೂ ಸಾಕು, ಅದು ಬಿಚ್ಚಿಕೊಂಡು ಕೆಲಸಕ್ಕೆ ಬಾರದೆ ಹೋಗುತ್ತದೆ.

ಎಷ್ಟು ಭಾರ? ಕಾಲು ನೇರವಾಗಿದ್ದಾಗ ಕೀಲಿನ ಮೇಲೆ ಬೀಳುವ ಭಾರದ ಸುಮಾರು ಅರ್ಧವನ್ನು ಮೆನಿಸ್ಕಸ್‌ಗಳು ಹೊರುತ್ತವೆ. ಮೊಣಕಾಲು 90 ಡಿಗ್ರಿ ಬಾಗಿದಾಗ ಶೇ. 85ರಷ್ಟು. ಇನ್ನೂ ಹೆಚ್ಚು ಬಾಗಿದಂತೆ ತೊಡೆಮೂಳೆ ಹಿಂದಕ್ಕೆ ಉರುಳುತ್ತದೆ, ಅದರೊಂದಿಗೆ ಮೆನಿಸ್ಕಸ್‌ಗಳೂ ಹಿಂದೆ ಸರಿಯುತ್ತವೆ. ಒಳಬದಿಯದು ಸುಮಾರು 5 ಮಿಲಿಮೀಟರ್, ಹೊರಬದಿಯದು ಅದರ ಎರಡರಷ್ಟು. ಸಜ್ದಾದಿಂದ ಎದ್ದು ಕೂರುವಾಗ, ದೇವದುರ್ಗದ ಮೆಣಸಿನಕಾಯಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುವಾಗ, ನೆಲದ ಮೇಲೆ ಕುಳಿತು ಊಟ ಮಾಡುವಾಗ ನಮ್ಮ ಮೊಣಕಾಲಿನಲ್ಲಿ ನಡೆಯುವ ಕೆಲಸ ಇದು. ಕುರ್ಚಿ ಮೇಲೆ ಬದುಕುವ ದೇಶಗಳಿಗಿಂತ ನಮಗೆ ಈ ಚಂದ್ರ ಹೆಚ್ಚು ಬೇಕು.

ಭಾಯಿ 17 ವರ್ಷದವನಿದ್ದಾಗ ದೇವದುರ್ಗದಲ್ಲಿ ಕಬಡ್ಡಿ ಆಡುವಾಗ ಬಿದ್ದ. ರೇಡ್ ಮಾಡಿ ತಿರುಗುವಾಗ ಪಾದ ಮಣ್ಣಿನಲ್ಲಿ ಊರಿತ್ತು, ಮೈ ಮಾತ್ರ ತಿರುಗಿತು, ಮೇಲೆ ಇಬ್ಬರು ಬಿದ್ದರು. ಮೊಣಕಾಲು ಬಾತಿತು. ಎರಡು ವಾರದ ನಂತರ ಬಾವು ಇಳಿದರೂ ಕಾಲು ಪೂರ್ತಿ ನೇರ ಆಗಲಿಲ್ಲ. ಎಲ್ಲೋ ಬೆಣೆ ಸಿಕ್ಕಿಸಿದ ಹಾಗೆ. ಇದಕ್ಕೆ ವೈದ್ಯರು ಬಕೆಟ್ ಹಿಡಿಕೆಯ ಸೀಳು ಎನ್ನುತ್ತಾರೆ. ಅರ್ಧಚಂದ್ರ ಉದ್ದಕ್ಕೆ ಸೀಳಿ, ಒಳಗಿನ ಪಟ್ಟಿ ಬಕೆಟ್ಟಿನ ಹಿಡಿಕೆಯಂತೆ ಎದ್ದು ಕೀಲಿನ ನಡುವೆ ಸಿಕ್ಕಿಕೊಳ್ಳುತ್ತದೆ. ಮನೆಯವರು ಎಣ್ಣೆ ಹಚ್ಚಿಸಿದರು, ಪಟ್ಟು ಹಾಕಿಸಿದರು, ಒಬ್ಬರು ಜೋರಾಗಿ ಎಳೆದು ನೇರ ಮಾಡಲೂ ನೋಡಿದರು. ಹೀಗೆ ಐದು ತಿಂಗಳು ಹೋದವು. ಆಮೇಲೆ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿ, ಆಪರೇಷನ್ ಮಾಡಿ ಮೆನಿಸ್ಕಸ್‌ನ ಬಹುಪಾಲು ತೆಗೆದರು. ಮೂರನೇ ವಾರಕ್ಕೆ ಭಾಯಿ ಆರಾಮಾಗಿ ನಡೆದ. ಎಲ್ಲರೂ ಸಿಹಿ ಹಂಚಿದೆವು. ಏನು ತೆಗೆದರು, ಅದು ಇಲ್ಲದಿದ್ದರೆ ಮುಂದೆ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಈಗಿನ ವೈದ್ಯರು ಹೇಳುವ ಪ್ರಕಾರ ಐದು ತಿಂಗಳು ಕೀಲಿನ ನಡುವೆ ಸಿಕ್ಕಿ ಅರೆದುಹೋದ ತುಂಡನ್ನು ಹೊಲಿಯುವುದು ಆಗ ಕಷ್ಟವೇ ಇದ್ದಿರಬೇಕು. ಮೊದಲ ವಾರಗಳಲ್ಲಿ ಹೋಗಿದ್ದರೆ?

ಹರಿದದ್ದು ತಾನಾಗಿ ಯಾಕೆ ಕೂಡುವುದಿಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯವರಿಗೆ ಬೇಗ ತಿಳಿಯುವ ಉತ್ತರ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರಿಗೆ ನೀರು ಸಿಗುತ್ತದೆ, ಮಾನ್ವಿ ರಾಯಚೂರು ಕಡೆಯ ಕೊನೆಭಾಗದವರು ಪ್ರತಿ ವರ್ಷ ರಸ್ತೆಗೆ ಇಳಿಯುತ್ತಾರೆ. ಮೆನಿಸ್ಕಸ್‌ನಲ್ಲೂ ಹೀಗೇ. ರಕ್ತನಾಳಗಳು ಹೊರ ಅಂಚಿನಿಂದ ಬರುತ್ತವೆ, ಅಗಲದ ಸುಮಾರು ಶೇ. 10ರಿಂದ 30ರವರೆಗೆ ಮಾತ್ರ ತಲುಪುತ್ತವೆ. 1982ರಲ್ಲಿ ಆರ್ನೋಸ್ಕಿ ಮತ್ತು ವಾರೆನ್ ಎಂಬ ಅಮೆರಿಕದ ಸಂಶೋಧಕರು ಇದನ್ನು ಸ್ಪಷ್ಟವಾಗಿ ತೋರಿಸಿದರು. ಒಳ ಅಂಚು ಕಾಲುವೆಯ ಕೊನೆಭಾಗ. ಅಲ್ಲಿಗೆ ರಕ್ತವೇ ಇಲ್ಲ, ಆದ್ದರಿಂದ ಗಾಯ ಮಾಯುವ ಪ್ರಶ್ನೆಯೂ ಕಡಿಮೆ. ಹೊರ ಅಂಚಿನ ಹತ್ತಿರ ಹರಿದರೆ ಹೊಲಿಗೆ ಹಾಕಿ ಉಳಿಸಬಹುದು. ಹುಟ್ಟುವಾಗ ಮೆನಿಸ್ಕಸ್‌ಗೆ ಪೂರ್ತಿ ರಕ್ತ ಹರಿಯುತ್ತಿರುತ್ತದೆ, ಹತ್ತು ವರ್ಷ ತುಂಬುವ ಹೊತ್ತಿಗೆ ಅಂಚಿಗೆ ಸರಿದುಬಿಡುತ್ತದೆ ಎಂಬುದು ನನಗೆ ಆಶ್ಚರ್ಯ ತಂದ ಸಂಗತಿ.

ಒಂದು ಕಾಲಕ್ಕೆ ವೈದ್ಯರಿಗೂ ಇದರ ಬೆಲೆ ಗೊತ್ತಿರಲಿಲ್ಲ. 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಬ್ಲಾಂಡ್ ಸಟನ್ ಎಂಬ ಸರ್ಜನ್, ಇದು ಕಾಲಿನ ಯಾವುದೋ ಹಳೆಯ ಸ್ನಾಯುವಿನ ಕೆಲಸವಿಲ್ಲದ ಅವಶೇಷ ಎಂದು ಬರೆದ. ಅದಕ್ಕಿಂತ ಮೊದಲೇ, 1883ರಲ್ಲಿ, ಎಡಿನ್‌ಬರೋದ ಥಾಮಸ್ ಅನಂಡೇಲ್ ಒಬ್ಬ ಗಣಿ ಕಾರ್ಮಿಕನ ಹರಿದ ಮೆನಿಸ್ಕಸ್ ಅನ್ನು ಹೊಲಿದು ಉಳಿಸಿದ್ದ. ಆದರೂ ಮುಂದಿನ ಎಷ್ಟೋ ದಶಕ ಗೆದ್ದದ್ದು ಕತ್ತರಿಸುವವರೇ. ಗಣಿಯಲ್ಲಿ ಮಂಡಿಯೂರಿ ಕೆಲಸ ಮಾಡುವವರ ಕಾಯಿಲೆ ಇದು ಎಂದು ಓದಿದಾಗ ನನಗೆ ನಮ್ಮ ಹಟ್ಟಿ ಚಿನ್ನದ ಗಣಿ ನೆನಪಾಯಿತು. ಬ್ರಿಟನ್‌ನಲ್ಲಿ 2009ರಿಂದ ಕಲ್ಲಿದ್ದಲು ಗಣಿಯ ಒಳಗೆ ದುಡಿದವರ ಮೊಣಕಾಲು ಸವೆತವನ್ನು ಉದ್ಯೋಗದಿಂದ ಬರುವ ರೋಗದ ಪಟ್ಟಿಗೆ ಸೇರಿಸಿ ಪರಿಹಾರ ಕೊಡುತ್ತಾರೆ.

ತೆಗೆದುಹಾಕಿದರೆ ಏನಾಗುತ್ತದೆ ಎಂದು ಲೆಕ್ಕ ಇಟ್ಟವರು ಫೇರ್‌ಬ್ಯಾಂಕ್. 1948ರಲ್ಲಿ ಅವರು ಮೆನಿಸ್ಕಸ್ ತೆಗೆಸಿಕೊಂಡವರ 107 ಮೊಣಕಾಲುಗಳ ಎಕ್ಸ್-ರೇ ನೋಡಿ ಬರೆದರು: ಗುಂಡಗಿದ್ದ ತೊಡೆಮೂಳೆ ಚಪ್ಪಟೆಯಾಗುತ್ತದೆ, ಅಂಚಿನಲ್ಲಿ ಮೂಳೆಯ ದಿಣ್ಣೆ ಏಳುತ್ತದೆ, ಎರಡು ಮೂಳೆಗಳ ನಡುವಿನ ಜಾಗ ಕಿರಿದಾಗುತ್ತದೆ. ನಮ್ಮ ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಸವಕಳಿ ಎಂಬ ಅಧ್ಯಾಯ ಇದೆಯಲ್ಲ, ಯಂತ್ರದ ಬೆಲೆ ವರ್ಷವರ್ಷ ಇಳಿಯುವುದು; ಇಲ್ಲಿ ಆ ಪದ ಅಕ್ಷರಶಃ ಸರಿಹೊಂದುತ್ತದೆ. ಒಳಬದಿಯ ಮೆನಿಸ್ಕಸ್ ಪೂರ್ತಿ ಹೋದರೆ ಮೂಳೆಗಳು ತಾಗುವ ಜಾಗ ಅರ್ಧಕ್ಕಿಂತ ಕಡಿಮೆಯಾಗಬಹುದು, ಅಷ್ಟೇ ಭಾರ ಸಣ್ಣ ಜಾಗದ ಮೇಲೆ ಬೀಳುತ್ತದೆ. ಸವಕಳಿಯ ದರ ಏರುತ್ತದೆ. ಮೂಳೆಯ ತುದಿಗೆ ಬಳಿದ ಹಾಗಿರುವ ನುಣುಪಾದ ಮೃದ್ವಸ್ಥಿ ತೇಯತೊಡಗುತ್ತದೆ. ಜನ "ಗ್ರೀಸ್ ಖಾಲಿ ಆಗಿದೆ" ಎನ್ನುವುದು ಈ ಹಂತಕ್ಕೆ. ಭಾಯಿಗೆ ಈ ತೇಯುವಿಕೆ ಶುರುವಾಗಿದೆ, ಇನ್ನೂ ಮೂಳೆ ಕಾಣುವಷ್ಟು ಆಗಿಲ್ಲ.

"ಹಾಗಾದರೆ ಮೊಣಕಾಲೇ ಬದಲಿಸಿಬಿಡಲಿ, ವಾಜಪೇಯಿಯವರಿಗೆ ಮಾಡಿದ ಹಾಗೆ" ಎಂದು ನಮ್ಮ ಅಬ್ಬಾ ಹೇಳಿದರು. ಪ್ರಧಾನಿಯಾಗಿದ್ದಾಗ ವಾಜಪೇಯಿಯವರಿಗೆ 2000ರಲ್ಲಿ ಮುಂಬೈಯಲ್ಲಿ ಒಂದು ಮೊಣಕಾಲು, ಮರುವರ್ಷ ಇನ್ನೊಂದು ಬದಲಿಸಿದ್ದರು. ಅದು ಬೇರೆ ಚಿಕಿತ್ಸೆ. ಅಲ್ಲಿ ಮೂಳೆಯ ತುದಿಗಳನ್ನೇ ಕೊಯ್ದು ಲೋಹ ಮತ್ತು ಪ್ಲಾಸ್ಟಿಕ್ ಕೂರಿಸುತ್ತಾರೆ. ಆಗ ವಾಜಪೇಯಿಯವರಿಗೆ 75 ದಾಟಿತ್ತು. ಕೃತಕ ಕೀಲೂ ಸವೆಯುವ ವಸ್ತುವೇ; 26ರ ಹುಡುಗನಿಗೆ ಈಗಲೇ ಹಾಕಿದರೆ ಜೀವಮಾನದಲ್ಲಿ ಎರಡು ಮೂರು ಸಲ ಬದಲಿಸಬೇಕಾಗಬಹುದು, ಪ್ರತಿ ಸಲವೂ ಮೊದಲಿಗಿಂತ ಕಷ್ಟ. ತೀರಾ ಬೇಗ ಮೆನಿಸ್ಕಸ್ ಕಳೆದುಕೊಂಡು, ತೀರಾ ಎಳೆಯ ವಯಸ್ಸಿನಲ್ಲಿ ನೋವು ಅನುಭವಿಸುವವರಿಗಾಗಿಯೇ ಮೆನಿಸ್ಕಸ್ ಕಸಿ ಹುಟ್ಟಿದ್ದು.

ಮನುಷ್ಯರಲ್ಲಿ ಈಗಿನ ರೀತಿಯ ಕಸಿ ಮೊದಲು ನಡೆದದ್ದು 1984ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ, ಮಿಲಾಚೋವ್‌ಸ್ಕಿ ಮತ್ತು ಸಂಗಡಿಗರಿಂದ. 1989ರಲ್ಲಿ ಅವರು 22 ರೋಗಿಗಳ ವಿವರ ಪ್ರಕಟಿಸಿದರು. ಆರು ಮಂದಿಗೆ ಘನೀಕರಿಸಿ ಇಟ್ಟ ಮೆನಿಸ್ಕಸ್, ಹದಿನಾರು ಮಂದಿಗೆ ಒಣಗಿಸಿ ಗಾಮಾ ಕಿರಣದಿಂದ ಶುದ್ಧಿ ಮಾಡಿದ್ದು. ಒಣಗಿಸಿದವು ಕುಗ್ಗಿದವು. ಅಂದಿನಿಂದ ಒಣಗಿಸುವ ಪದ್ಧತಿ ಹಿಂದೆ ಬಿತ್ತು, ಈಗ ಹೆಚ್ಚಾಗಿ ಮೈನಸ್ 80 ಡಿಗ್ರಿಯಲ್ಲಿ ಘನೀಕರಿಸಿಟ್ಟದ್ದನ್ನೇ ಬಳಸುತ್ತಾರೆ.

ಕಿಡ್ನಿ ಕಸಿ ಎಂದರೆ ರಕ್ತದ ಗುಂಪು ಹೊಂದಬೇಕು, ಜೀವನಪರ್ಯಂತ ಮಾತ್ರೆ ನುಂಗಬೇಕು ಎಂದು ನಮಗೆಲ್ಲ ಗೊತ್ತು. ಫೂಫಿಗೆ ಇದೇ ದೊಡ್ಡ ಹೆದರಿಕೆ ಇತ್ತು. ಮೆನಿಸ್ಕಸ್‌ಗೆ ಅದು ಬೇಡ. ರಕ್ತದ ಗುಂಪು ಹೊಂದಿಸುವುದಿಲ್ಲ, ದೇಹದ ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆಗಳೂ ಇಲ್ಲ. ಅದರಲ್ಲಿ ಜೀವಕೋಶಗಳು ಕಡಿಮೆ, ಅವೂ ದಟ್ಟ ನಾರುಗಳ ಒಳಗೆ ಹೂತಿರುತ್ತವೆ. ಘನೀಕರಿಸಿದಾಗ ಅವು ಸತ್ತೇ ಹೋಗುತ್ತವೆ. ಉಳಿಯುವುದು ನಾರಿನ ಹಂದರ. ಅದರೊಳಗೆ ನಿಧಾನವಾಗಿ ಪಡೆದವರ ಜೀವಕೋಶಗಳು ಬಂದು ನೆಲೆಸುತ್ತವೆ. 1993ರಲ್ಲಿ ಆಡುಗಳ ಮೇಲೆ ಒಂದು ಪ್ರಯೋಗ ನಡೆಯಿತು. ಹೆಪ್ಪುಗಟ್ಟಿಸದ ತಾಜಾ ಮೆನಿಸ್ಕಸ್ ಅನ್ನು ಒಂದು ಆಡಿನಿಂದ ಇನ್ನೊಂದಕ್ಕೆ ಹಾಕಿ ನೋಡಿದರೆ, ನಾಲ್ಕು ವಾರದಲ್ಲಿ ಕೊಟ್ಟ ಆಡಿನ ಡಿಎನ್‌ಎ ಮಾಯವಾಗಿ ಪಡೆದ ಆಡಿನ ಡಿಎನ್‌ಎ ಬಂದಿತ್ತು. ಖಾಲಿ ಮನೆಗೆ ಹೊಸ ಬಾಡಿಗೆದಾರರು ಬಂದ ಹಾಗೆ.

ಹೊಂದಬೇಕಾದದ್ದು ಅಳತೆ. ಎಡಕ್ಕೆ ಎಡದ್ದೇ, ಒಳಬದಿಗೆ ಒಳಬದಿಯದೇ ಬೇಕು. ಕೊಡ ದೊಡ್ಡದಿದ್ದು ಸಿಂಬಿ ಸಣ್ಣದಾದರೆ ಅದರ ಮೇಲೇ ಎಲ್ಲ ಭಾರ ಬಿದ್ದು ಹರಿಯುತ್ತದೆ. ಸಿಂಬಿ ದೊಡ್ಡದಾದರೆ ಹೊರಗೆ ಜಾರಿ ನಿಲ್ಲುತ್ತದೆ. ಆದ್ದರಿಂದ ರೋಗಿಯ ಮೊಣಕಾಲನ್ನು ಎದುರಿನಿಂದ ಮತ್ತು ಪಕ್ಕದಿಂದ ಎಕ್ಸ್-ರೇ ತೆಗೆದು, ಕೆಳಮೂಳೆಯ ಅಗಲ ಉದ್ದ ಅಳೆದು, ಅದರಿಂದ ಮೆನಿಸ್ಕಸ್‌ನ ಅಳತೆಯನ್ನು ಲೆಕ್ಕ ಹಾಕುತ್ತಾರೆ. ಎಕ್ಸ್-ರೇಯಲ್ಲಿ ಎಲ್ಲವೂ ಸ್ವಲ್ಪ ದೊಡ್ಡದಾಗಿ ಕಾಣುವುದರಿಂದ ಪಕ್ಕದಲ್ಲಿ ಅಳತೆ ಗೊತ್ತಿರುವ ಒಂದು ಗುರುತನ್ನೂ ಇಟ್ಟು ತೆಗೆಯಬೇಕು.

ಎಲ್ಲರಿಗೂ ಈ ಆಪರೇಷನ್ ಮಾಡುವುದಿಲ್ಲ. ಸಾಮಾನ್ಯವಾಗಿ 50 ವರ್ಷದೊಳಗಿನವರಾಗಿರಬೇಕು. ಮೆನಿಸ್ಕಸ್ ಇಲ್ಲದ ಬದಿಯಲ್ಲೇ ನೋವಿರಬೇಕು. ಮೃದ್ವಸ್ಥಿ ಪೂರ್ತಿ ತೇದಿರಬಾರದು, ಕಾಲು ಬಿಲ್ಲಿನಂತೆ ಬಾಗಿರಬಾರದು, ಕೀಲಿನ ಹಗ್ಗಗಳಾದ ಲಿಗಮೆಂಟ್‌ಗಳು ಗಟ್ಟಿ ಇರಬೇಕು. ಕೊನೆಯ ಎರಡು ದೋಷ ಇದ್ದರೆ ಮೊದಲು ಅಥವಾ ಜೊತೆಯಲ್ಲೇ ಅವನ್ನು ಸರಿಮಾಡಬೇಕು. ನೋವೇ ಇಲ್ಲದವರಿಗೆ "ಮುಂದೆ ಬರಬಹುದು" ಎಂದು ಮಾಡುವ ಚಿಕಿತ್ಸೆ ಇದಲ್ಲ.

ಆಪರೇಷನ್ ಮಾಡುವಾಗ ಸಣ್ಣ ರಂಧ್ರದಿಂದ ಕ್ಯಾಮೆರಾ ಒಳಗೆ ಬಿಡುತ್ತಾರೆ. ಹಳೆಯ ಮೆನಿಸ್ಕಸ್‌ನ ಉಳಿದ ಚೂರುಗಳನ್ನು ಕೆರೆದು, ಹೊರಗೆ ಒಂದೆರಡು ಮಿಲಿಮೀಟರ್ ಅಂಚನ್ನು ಬೇಕೆಂದೇ ಬಿಡುತ್ತಾರೆ. ರಕ್ತ ಬರುವ ಜಾಗ ಅದೇ, ಹೊಸದು ಅಲ್ಲಿಗೇ ಅಂಟಬೇಕು. ಒಳಬದಿಯ ಮೆನಿಸ್ಕಸ್ ಆದರೆ ಎರಡು ಕೊನೆಗಳಲ್ಲೂ ದಾನಿಯ ಮೂಳೆಯ ಸಣ್ಣ ಬೆಣೆ ಉಳಿಸಿಕೊಂಡು, ಕೆಳಮೂಳೆಯಲ್ಲಿ ಕೊರೆದ ತೂತುಗಳಲ್ಲಿ ಅವನ್ನು ಕೂರಿಸುತ್ತಾರೆ. ಹೊರಬದಿಯದಾದರೆ ಎರಡು ಕೊನೆಗಳು ಹತ್ತಿರ ಇರುವುದರಿಂದ ನಡುವಿನ ಮೂಳೆಯ ಪಟ್ಟಿಯನ್ನೇ ಒಟ್ಟಿಗೆ ಇಡುತ್ತಾರೆ. ಮೂಳೆ ಇಲ್ಲದೆ ಬರೀ ದಾರದಿಂದ ಬಿಗಿಯುವವರೂ ಇದ್ದಾರೆ. ಆಮೇಲೆ ಸುತ್ತಲೂ ಹೊಲಿಗೆ. ಮುಂದಿನ ವಾರಗಳು ಊರುಗೋಲಿನವು, ಮೊದಮೊದಲು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸುವಂತಿಲ್ಲ, ಓಡುವುದು ಹಲವು ತಿಂಗಳ ನಂತರ. ವ್ಯಾಯಾಮ ತಪ್ಪಿಸಿದರೆ ಆಪರೇಷನ್ ವ್ಯರ್ಥ.

ಫಲ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಹತ್ತು ವರ್ಷದ ನಂತರ ಸುಮಾರು ಶೇ. 73, ಹದಿನೈದು ವರ್ಷದ ನಂತರ ಸುಮಾರು ಶೇ. 60 ಕಸಿಗಳು ಉಳಿದಿದ್ದವು. ಹೆಚ್ಚಿನವರಿಗೆ ನೋವು ಇಳಿಯುತ್ತದೆ. ಸವೆತವನ್ನು ಅದು ಶಾಶ್ವತವಾಗಿ ತಡೆಯುತ್ತದೆ ಎಂದು ಯಾವ ಒಳ್ಳೆಯ ವೈದ್ಯರೂ ಭರವಸೆ ಕೊಡುವುದಿಲ್ಲ. ಅಂದರೆ ಇದು ಕಾಲ ಕೊಳ್ಳುವ ವ್ಯವಹಾರ.

ಇಲ್ಲಿವರೆಗೆ ನಾನು ವಿವರಿಸುತ್ತಿದ್ದಾಗ ಮನೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಆಮೇಲೆ ಫೂಫಿ ಕೇಳಿದರು: "ಅದು ಯಾರದು?"

ಅದು ತೀರಿಹೋದ ಒಬ್ಬರದು. ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲಿ ತೀರಿಹೋದವರದು, ಏಕೆಂದರೆ ವಯಸ್ಸಾದವರ ಮೆನಿಸ್ಕಸ್ ಆಗಲೇ ಸವೆದಿರುತ್ತದೆ. ಹೃದಯ, ಕಿಡ್ನಿಗಳ ಹಾಗೆ ಮಿದುಳು ಸಾವಿನ ಸ್ಥಿತಿಯೇ ಬೇಕೆಂದಿಲ್ಲ. ಹೃದಯ ನಿಂತ ಮೇಲೂ ಕೆಲವು ಗಂಟೆಗಳೊಳಗೆ ತೆಗೆಯಬಹುದು. ದಾನಿಯ ರಕ್ತದಲ್ಲಿ ಎಚ್‌ಐವಿ, ಕಾಮಾಲೆಯ ವೈರಸ್‌ಗಳು ಇಲ್ಲವೆಂದು ಪರೀಕ್ಷಿಸಿ ಅಂಗಾಂಶ ಬ್ಯಾಂಕಿನಲ್ಲಿ ಇಡುತ್ತಾರೆ. ನಮ್ಮ ದೇಶದ ಅಂಗಾಂಗ ಕಸಿ ಕಾಯಿದೆ 1994ರದು. ಅದರಲ್ಲಿ ಮೊದಲು ಅಂಗಗಳ ಮಾತು ಮಾತ್ರ ಇತ್ತು, 2011ರ ತಿದ್ದುಪಡಿಯಲ್ಲಿ ಅಂಗಾಂಶಗಳನ್ನೂ ಸೇರಿಸಿದರು. ಅಂಗಾಂಶ ಬ್ಯಾಂಕುಗಳು ಅದರ ಪ್ರಕಾರ ನೋಂದಣಿ ಆಗಿರಬೇಕು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಿಂದ ಇಂಥ ಬ್ಯಾಂಕ್ ಇದೆ. ಅಲ್ಲಿ ಮೂಳೆ ಮುಂತಾದವನ್ನು ಗಾಮಾ ಕಿರಣದಿಂದ ಶುದ್ಧಿ ಮಾಡುತ್ತಾರೆ. ಮೆನಿಸ್ಕಸ್‌ಗೆ ಮಾತ್ರ ಹೆಚ್ಚು ಗಾಮಾ ಕಿರಣ ಒಗ್ಗುವುದಿಲ್ಲ, ನಾರಿನ ಬಲ ಕುಂದುತ್ತದೆ.

ಕಾಮರ್ಸ್ ವಿದ್ಯಾರ್ಥಿಯಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕಾಯಿದೆಯ ಒಂದು ಸಾಲು. ಅಂಗಕ್ಕೂ ಅಂಗಾಂಶಕ್ಕೂ ಹಣ ಕೊಡುವುದು, ಪಡೆಯುವುದು ಅಪರಾಧ. ಆದರೆ ತೆಗೆಯುವ, ಸಾಗಿಸುವ, ಕಾಪಾಡುವ ಖರ್ಚು ಬೆಲೆಯ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಫ್ರೀಜರ್‌ಗೆ ದರ ಇದೆ, ಪರೀಕ್ಷೆಗೆ ದರ ಇದೆ, ಗಾಡಿ ಬಾಡಿಗೆಗೆ ದರ ಇದೆ, ಆ ಅರ್ಧಚಂದ್ರಕ್ಕೆ ಮಾತ್ರ ದರ ಇಲ್ಲ. ಬೇಡಿಕೆ ಹೆಚ್ಚಾದರೆ ಬೆಲೆ ಏರಿ ಪೂರೈಕೆ ಹೆಚ್ಚುತ್ತದೆ ಎಂದು ನಾವು ಓದುವ ನಿಯಮ ಇಲ್ಲಿ ನಡೆಯುವುದಿಲ್ಲ. ಯಾರೋ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಒಬ್ಬರು ಕೊಟ್ಟರೆ ನಾಲ್ಕು ಜನರ ಮೊಣಕಾಲಿಗೆ ಆಗುತ್ತದೆ.

"ಅದು ಜಾಯಿಜ್ ಇದೆಯಾ?" ಎಂಬುದು ಫೂಫಿಯ ಎರಡನೇ ಪ್ರಶ್ನೆ. ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1988ರಲ್ಲಿ ಈ ಬಗ್ಗೆ ಒಂದು ನಿರ್ಣಯ ಮಾಡಿದೆ. ಪಡೆಯುವವರ ಜೀವ ಅಥವಾ ದೇಹದ ಒಂದು ಮೂಲಭೂತ ಕೆಲಸ ಅದರ ಮೇಲೆ ನಿಂತಿದ್ದರೆ, ತೀರಿಹೋದವರು ಮೊದಲೇ ಒಪ್ಪಿದ್ದರೆ ಅಥವಾ ವಾರಸುದಾರರು ಒಪ್ಪಿದರೆ, ತೆಗೆದುಕೊಳ್ಳಬಹುದು. ಮಾರಾಟ ಮಾತ್ರ ಸಲ್ಲದು. ನಮ್ಮ ದೇಶದ ಉಲಮಾಗಳಲ್ಲಿ ಮರಣದ ನಂತರದ ದಾನದ ಬಗ್ಗೆ ಭಿನ್ನಾಭಿಪ್ರಾಯ ಇದೆ. ನಾವು ಕೇಳಿದ ಮೌಲಾನಾ ಸಾಹೇಬರು ಒಂದೇ ಮಾತಿನಲ್ಲಿ ಉತ್ತರಿಸಲಿಲ್ಲ. ಎಷ್ಟು ನೋವು, ಕೆಲಸ ಮಾಡಲು ಆಗುತ್ತದೋ ಇಲ್ಲವೋ, ಬೇರೆ ಚಿಕಿತ್ಸೆ ಇದೆಯೋ ಎಂದು ತಿರುಗಿ ಭಾಯಿಯನ್ನೇ ಕೇಳಿದರು. ವೈದ್ಯರು ಕೇಳಿದ ಪ್ರಶ್ನೆಗಳೂ ಹೆಚ್ಚುಕಡಿಮೆ ಇವೇ. ಕುರ್ಚಿಯ ಮೇಲೆ ನಮಾಜ್ ಮಾಡುವುದಕ್ಕೆ ಶರೀಅತ್‌ನಲ್ಲಿ ಅವಕಾಶ ಇದೆ, ಅದಕ್ಕೆ ನಾಚಿಕೆ ಪಡಬೇಡ ಎಂದೂ ಹೇಳಿದರು. ಅಂದು ಮನೆಗೆ ಬರುವಾಗ ಫೂಫಿ ದಾರಿಯಲ್ಲಿ ಮೆಲ್ಲಗೆ ಅಂದರು: "ಪಡೆಯುವುದು ಸರಿ ಎನ್ನುವುದಾದರೆ, ಕೊಡುವುದಕ್ಕೆ ನಾವು ಯಾಕೆ ಹಿಂದೆ ಸರಿಯುತ್ತೇವೆ?" ಆಟೋದಲ್ಲಿದ್ದ ಯಾರೂ ಮಾತಾಡಲಿಲ್ಲ. ನನಗೂ ಉತ್ತರ ಹೊಳೆಯಲಿಲ್ಲ. ನಮ್ಮಲ್ಲಿ ಮಯ್ಯತ್ ಅನ್ನು ಬೇಗ ದಫನ್ ಮಾಡಬೇಕು, ದೇಹಕ್ಕೆ ನೋವಾಗದಂತೆ ತೊಳೆಯಬೇಕು ಎಂಬ ಅದಬ್ ಇದೆ. ಅದನ್ನೂ ಇದನ್ನೂ ಹೇಗೆ ಒಟ್ಟಿಗೆ ಇಟ್ಟುಕೊಳ್ಳುವುದು ಎಂದು ನಮ್ಮ ಕಾಲೇಜಿನಲ್ಲೇ ಒಂದು ದಿನ ತಿಳಿದವರನ್ನು ಕರೆಸಿ ಕೇಳಬಹುದಲ್ಲ?

ಕರ್ನಾಟಕದಲ್ಲಿ ಈ ಮಾತು ಹೊಸದೇನಲ್ಲ. 2021ರಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಅಂಗಾಂಗಗಳನ್ನು ದಾನ ಮಾಡಿದರು. ಅದೇ ವರ್ಷ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ರಾಜ್ಯದಲ್ಲಿ ಅಂಗಾಂಗ ಮತ್ತು ಅಂಗಾಂಶ ದಾನದ ಕೆಲಸ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು ಜೀವಸಾರ್ಥಕತೆ. ಕಣ್ಣಿನ ಬಗ್ಗೆ ಹಳ್ಳಿಹಳ್ಳಿಗೂ ಗೊತ್ತು, ಮೊಣಕಾಲಿನ ಬಗ್ಗೆ ಯಾರಿಗೂ ಗೊತ್ತಿಲ್ಲ. ಮೆನಿಸ್ಕಸ್ ಸಿಗುವುದು ಇಷ್ಟು ಅಪರೂಪ ಆಗಿರುವುದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಅನಿಸಿಕೆ.

ಇನ್ನು ದೂರದ ಮಾತು. ರಾಯಚೂರಿನಲ್ಲಿ ರಿಮ್ಸ್ ಇದೆ, ಓಪೆಕ್ ಆಸ್ಪತ್ರೆ ಇದೆ, ಖಾಸಗಿ ಮೆಡಿಕಲ್ ಕಾಲೇಜೂ ಇದೆ. ಆದರೆ ಇಂಥ ಅಪರೂಪದ ಕಸಿಗೆ ಬೆಂಗಳೂರು, ಹೈದರಾಬಾದ್ ಎಂದೇ ನಮ್ಮ ಜನ ರೈಲು ಹತ್ತುತ್ತಾರೆ. ಆಪರೇಷನ್ ಒಂದು ದಿನದ್ದು, ನಂತರದ ವ್ಯಾಯಾಮ ಮತ್ತು ತಪಾಸಣೆಗಳು ತಿಂಗಳುಗಟ್ಟಲೆ. ಏಮ್ಸ್ ಬೇಕೆಂದು ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಧರಣಿ ಶುರುವಾದಾಗ ನಾನು ಅದನ್ನು ದೊಡ್ಡವರ ರಾಜಕೀಯ ಎಂದುಕೊಂಡಿದ್ದೆ. ಊರುಗೋಲು ಹಿಡಿದವನನ್ನು ಜನರಲ್ ಬೋಗಿಗೆ ಹತ್ತಿಸಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಭಾಯಿಯ ಕೆಲಸ ಟೈಲ್ಸ್ ಕೂರಿಸುವುದು. ದಿನಕ್ಕೆ ಏಳೆಂಟು ಗಂಟೆ ಮಂಡಿಯೂರಿ. ವೈದ್ಯರು ಮೊದಲೇ ಹೇಳಿಬಿಟ್ಟಿದ್ದಾರೆ: ಕಸಿ ಚೆನ್ನಾಗಿ ಕೂತರೂ ಈ ಕೆಲಸಕ್ಕೆ ಮರಳಬೇಡ, ಹೊಸ ಮೆನಿಸ್ಕಸ್ ಅದನ್ನು ತಡೆಯುವುದಿಲ್ಲ. ಹಾಗಾದರೆ ಯಾಕೆ ಮಾಡಿಸಿಕೊಳ್ಳಬೇಕು ಎಂದು ಅವನು ಒಂದು ರಾತ್ರಿ ನನ್ನನ್ನೇ ಕೇಳಿದ. ನಾನು ನೋಟ್‌ಬುಕ್ ತೆಗೆದು ಎರಡು ಕಾಲಂ ಎಳೆದೆ. ಒಂದು ಕಡೆ ಖರ್ಚು, ಆರು ತಿಂಗಳ ಕೂಲಿ ನಷ್ಟ, ಪ್ರಯಾಣ. ಇನ್ನೊಂದು ಕಡೆ ಬರೆಯಲು ಹೋದಾಗ ರೂಪಾಯಿಯಲ್ಲಿ ಹಾಕಲು ಬರುವುದು ಹೆಚ್ಚೇನೂ ಇರಲಿಲ್ಲ: ಮೆಟ್ಟಿಲು ಹತ್ತುವುದು, ರಾತ್ರಿ ನಿದ್ದೆ, ಮಗಳನ್ನು ಎತ್ತಿಕೊಂಡು ನಡೆಯುವುದು. ಅವನು ಕಾಗದ ನೋಡಿ ನಕ್ಕು, ಎರಡನೇ ಕಾಲಂನ ಕೆಳಗೆ ತಾನೇ "ಅಂಗಡಿ" ಎಂದು ಬರೆದ. ಟೈಲ್ಸ್ ಕೂರಿಸುವ ಬದಲು ಮಾರುವ ಯೋಚನೆ ಇದೆಯಂತೆ.

ನಮ್ಮ ಕಾಲೇಜಿನ ಕಬಡ್ಡಿ, ವಾಲಿಬಾಲ್ ತಂಡದವರಿಗೆ ಇಷ್ಟು ಹೇಳಬೇಕು. ತಿರುಗುವಾಗ ಮೊಣಕಾಲಿನಲ್ಲಿ ಟಕ್ ಎಂದು, ಆಮೇಲೆ ಬಾತು, ಕಾಲು ಪೂರ್ತಿ ನೇರ ಆಗದಿದ್ದರೆ ಎಣ್ಣೆ ತಿಕ್ಕಿಸಿ ಎಳೆಸಬೇಡಿ. ಮೂಳೆ ವೈದ್ಯರ ಬಳಿ ಅದೇ ವಾರ ಹೋಗಿ. ಆಪರೇಷನ್ ಎಂದರೆ "ಹೊಲಿಯಲು ಆಗುತ್ತದೆಯೇ, ತೆಗೆಯುವುದಾದರೆ ಎಷ್ಟು ತೆಗೆಯುತ್ತೀರಿ?" ಎಂದು ಕೇಳಿ. ಹೊಲಿಸಿಕೊಂಡವರು ಹೆಚ್ಚು ದಿನ ಮನೆಯಲ್ಲಿ ಕೂರಬೇಕಾಗುತ್ತದೆ, ತೆಗೆಸಿಕೊಂಡವರು ಬೇಗ ಆಟಕ್ಕೆ ಮರಳುತ್ತಾರೆ. ಭಾಯಿ ಮೂರನೇ ವಾರಕ್ಕೆ ನಡೆದಿದ್ದ ಎಂದು ಮೇಲೆ ಬರೆದೆನಲ್ಲ.

ಅಳತೆಯ ಎಕ್ಸ್-ರೇಗೆ ಬರುವ ತಿಂಗಳು ದಿನ ಕೊಟ್ಟಿದ್ದಾರೆ. ಅಳತೆ ಕಳಿಸಿದ ಮೇಲೆ ಕಾಯಬೇಕು, ಎಷ್ಟು ದಿನ ಎಂದು ಯಾರೂ ಹೇಳಲಾರರು. ಆ ಅಳತೆಯ ಎಡಗಾಲಿನ ಮನುಷ್ಯ ಈಗ ಎಲ್ಲೋ ಚೆನ್ನಾಗಿ ಓಡಾಡಿಕೊಂಡಿರಬಹುದು. ಅದಕ್ಕೇ ಫೂಫಿ ಬೇಗ ಸಿಗಲಿ ಎಂದು ದುವಾ ಮಾಡುವುದಿಲ್ಲ. ಸಿಗುವುದಾದರೆ ಸಿಗಲಿ ಎಂದಷ್ಟೇ ಕೇಳುತ್ತಾರೆ.